ಎರಡು ಬಾಗಿಲ ಗಾಡಿ

ಕಾರ್ತಿಕದ ಛಟ್ಟಿ ಅಮಾವಾಸ್ಯೆ ಕಳೆದು ನಾಲ್ಕು ದಿನವಾಗಿತ್ತು. ತುರ್ವಿಹಾಳದ ಕಾಲುವೆ ಕೆಳಗಿನ ಗದ್ದೆಗಳಿಗೆ ನೀರು ನಿಲ್ಲಿಸಿ ಹದಿನೈದು ದಿನವಾಗಿ ನೆಲ ಮೇಲೆ ಗಟ್ಟಿಯಾಗಿ ಒಳಗೆ ಮೆತ್ತಗಿತ್ತು. ಭತ್ತ ಕೊಯ್ಯುವ ಮಿಷನ್ನು ಇಳಿಸುವುದಕ್ಕೆ ಅದೇ ಹದ. ಇಬ್ಬನಿ ಆರುವ ತನಕ ಕೊಯ್ಯಬೇಡವೆಂದು ವಲಸೆ ಬಂದು ನೆಲೆಸಿದ ಕ್ಯಾಂಪಿನ ರೈತರು ಹೇಳಿದರೂ ಬೀರಲಿಂಗ ಆ ದಿನ ಆರೂವರೆಗೇ ಮಿಷನ್ನು ಚಾಲೂ ಮಾಡಿದ್ದ. ಹತ್ತರೊಳಗೆ ಮೂರೆಕರೆ ಮುಗಿಸಿ, ಉಳಿದದ್ದನ್ನು ಜೊತೆಗಾರ ಗಾದಿಲಿಂಗನ ಕೈಗೊಪ್ಪಿಸಿ, ಬಸ್ಸು ಹಿಡಿಯಬೇಕಿತ್ತು. ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಎತ್ತರದ ಸೀಟಿನಲ್ಲಿ ಕೂತು, ಭತ್ತ ತಲೆಬಾಗಿ ಬಂದು ಮಿಷನ್ನಿನ ಹಲ್ಲುಗಳಿಗೆ ಬೀಳುವುದನ್ನೇ ನೋಡುತ್ತಿದ್ದ. ಹಿಂದೆ ಬೆಳ್ಳಕ್ಕಿಗಳು ಓಡಿ ಓಡಿ ಹುಳ ಹೆಕ್ಕುತ್ತಿದ್ದವು. ಬದುವಿನ ಪಕ್ಕದ ಸುತ್ತಿನಲ್ಲಿ ಒಂದು ಕೇರೆ ಹಾವು ಕಾಣಿಸಿತು. ಯಾವ ಕಡೆ ಓಡಬೇಕೆಂದು ತಿಳಿಯದೆ ಅದು ತಲೆಯೆತ್ತಿ ನಿಂತುಬಿಟ್ಟಿತ್ತು. ಹಲ್ಲನ್ನು ಒಂದು ಮೊಳ ಮೇಲಕ್ಕೆತ್ತಿದ್ದರೆ ಸಾಕಿತ್ತು, ಎತ್ತುವ ಕೋಲು ಅವನ ಬಲಗೈಯಲ್ಲೇ ಇತ್ತು. ಕೈಗೆ ಹೇಳಿದ, ಕೈ ಕೇಳಲಿಲ್ಲ. ಅಥವಾ ಹೇಳಲೇ ಇಲ್ಲವೇನೋ. ಒದ್ದೆ ಹಗ್ಗ ಹರಿದಂಥ ಸಪ್ಪಳವಾಯಿತು. ಹಿಂದಿರುಗಿ ನೋಡಿದಾಗ ಬೆಳ್ಳಕ್ಕಿಗಳು ಹಾರಿ ದೂರ ಕೂತಿದ್ದವು, ಹುಲ್ಲಿನ ಸಾಲಿನಲ್ಲಿ ಎರಡು ತುಂಡುಗಳು ಒಂದಕ್ಕೊಂದು ಸಂಬಂಧವಿಲ್ಲದವರಂತೆ ಬೇರೆ ಬೇರೆ ಹೊರಳುತ್ತಿದ್ದವು. ಅವನಿಗೆ ಅಯ್ಯೋ ಅನಿಸಲಿಲ್ಲ. ಹಗುರ ಅನಿಸಿತು. ಹಾಗೆ ಅನಿಸಿದ್ದಕ್ಕೆ ಮಾತ್ರ ನಾಚಿಕೆಯಾಯಿತು.

ಆ ನಾಚಿಕೆಯ ಹಿಂದೆಯೇ ಹೆಂಡತಿ ಗಂಗಾಳ ಹುಬ್ಬು ನೆನಪಿಗೆ ಬಂತು. ನಸುಕಿನಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಕಟ್ಟುತ್ತಿದ್ದವಳು ತಲೆಯೆತ್ತದೆ ಕೇಳಿದ್ದಳು: "ನಾಕು ಸುಗ್ಗಿ ದುಡದ ರೊಕ್ಕ ಒಯ್ದು ಎರಡು ಬಾಗಿಲ ಗಾಡಿ ತರ್ತಿ. ಮಕ್ಕಳನ್ನ ಎಲ್ಲಿ ಕುಂಡ್ರಸ್ತಿ, ಟಪ್ಪಿನ ಮ್ಯಾಲೇನು?" ಅವನು ತಾಟಿನಲ್ಲಿ ರೊಟ್ಟಿ ಮುರಿಯುತ್ತಿದ್ದ. "ಹೋಗ್ಲಿ, ತಾ. ಯಾರಿಗೆ ತೋರಸಾಕ ತರಾಕತ್ತಿ, ಅದನ್ನರ ಹೇಳು." ಅಷ್ಟೇ ಕೇಳಿದ್ದು ಅವಳು. ತಾಟು ಕೈಯಿಂದ ಹೋಗಿದ್ದು ಅವನಿಗೆ ಗೊತ್ತಾದದ್ದು ಅದು ಅವಳ ಹುಬ್ಬಿಗೆ ಬಡಿದು ಒಲೆಗೆ ತಾಗಿ ಗಿರ್ರನೆ ತಿರುಗಿ ನಿಂತಾಗ. ಅವಳು ಅಳಲಿಲ್ಲ. ಬೆರಳಿನಿಂದ ರಕ್ತ ನೋಡಿಕೊಂಡು, ಅರಿಷಿಣ ಒತ್ತಿ, ಮತ್ತೆ ಕೂತು ಉಳಿದ ಎರಡು ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಗಂಟು ಹಾಕಿ ಚೀಲಕ್ಕೆ ಹಾಕಿದಳು. ಆ ಗಂಟು ಈಗ ಮಿಷನ್ನಿನ ಸೀಟಿನ ಕೆಳಗಿತ್ತು. ತಿನ್ನುವುದಕ್ಕೂ ಆಗಲಿಲ್ಲ, ಬಿಸಾಡುವುದಕ್ಕೂ ಆಗಲಿಲ್ಲ; ಹತ್ತು ಗಂಟೆಗೆ ಗಾದಿಲಿಂಗ ಬಂದಾಗ ಅವನ ಕೈಗೆ ಕೊಟ್ಟ. "ಏನ್ಲೇ, ಇವತ್ತ ಧಾರಾಳಾಗಿಯಲ್ಲ?" ಎಂದ ಗಾದಿಲಿಂಗ. "ರೇಸಿನ ಗಾಡಿ ಧಣಿ ರೊಟ್ಟಿ ತಿನ್ನಂಗಿಲ್ಲೇನು, ಬಿರಿಯಾನೀನ?" ಬೀರಲಿಂಗ ನಕ್ಕ. ಯಾರು ಏನಂದರೂ ಮೊದಲು ತನ್ನ ಬಾಯಿ ನಗುತ್ತದೆ, ಸಿಟ್ಟು ಆಮೇಲೆ ಬರುತ್ತದೆ, ಬಂದಾಗ ಎದುರಿಗೆ ಬೇರೆ ಯಾರೋ ಇರುತ್ತಾರೆ.

ಬಸ್ಸು ಸಿಂಧನೂರು ದಾಟಿ ಮಸ್ಕಿ ರಸ್ತೆ ಹಿಡಿದಾಗ ಅವನು ಬೇಕೆಂದೇ ಎಡಗಡೆಯ ಕಿಟಕಿಗೆ ಸರಿದು ಕೂತ. ಊರು ಮುಗಿಯುವಲ್ಲಿ ಕರಿಬಸಯ್ಯನವರ ಅಕ್ಕಿ ಮಿಲ್ಲು. ಹಸಿರು ಬಣ್ಣದ ಕಬ್ಬಿಣದ ಗೇಟು, ಒಳಗೆ ಸಿಮೆಂಟಿನ ಕಣ, ಕಣದ ತುಂಬ ಹರವಿದ ಭತ್ತ. ಆರು ವರ್ಷದ ಹಿಂದೆ ಅವನು ಅಲ್ಲಿ ಲಾರಿಯ ಡ್ರೈವರ್. ಬಿಸಿಲಿನ ಒಂದು ಮಧ್ಯಾಹ್ನ ಮುದುಕ ಅಯ್ಯನವರು ಕಟ್ಟೆಯ ಮೇಲಿಂದ, "ಬೀರ್ಯಾ, ನಮ್ಮ ಶಿವಕಾಂತನ ಗಾಡಿ ಬಿಸಲಾಗ ನಿಂತೈತಿ, ನೆಳ್ಳಿಗಿ ಹಚ್ಚು" ಅಂದಿದ್ದರು. ಕೆಂಪು ಗಾಡಿ. ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ಅಯ್ಯನವರ ಮಗ ಶಿವಕಾಂತ ತಂದು ಆಗಿನ್ನೂ ವಾರ. ಮೂಗು ನೆಲ ಮೂಸುವಂತೆ ಬಗ್ಗಿದ್ದು, ಎರಡೇ ಬಾಗಿಲು, ಸೀಟಿನಲ್ಲಿ ಕೂತರೆ ಯಾರೋ ಹಿಂದಿನಿಂದ ತೆಕ್ಕೆಯಲ್ಲಿ ಹಿಡಿದ ಹಾಗೆ. ನೆರಳು ಇದ್ದದ್ದು ಇಪ್ಪತ್ತು ಹೆಜ್ಜೆ ಆಚೆ. ಅವನು ಕಣದ ಸುತ್ತ ಒಂದು ಸುತ್ತು ಹಾಕಿದ. ಒಂದೇ ಸುತ್ತು. ಅದನ್ನು ಯಾರೂ ಹೇಳಿರಲಿಲ್ಲ, ಅದು ಅವನದೇ. ಆರು ವರ್ಷದಿಂದ ಮನಸ್ಸು ಜಗಳ ತೆಗೆದಾಗಲೆಲ್ಲ ಅದೊಂದು ಸುತ್ತು ಶಿವಕಾಂತನ ಪರವಾಗಿ ಎದ್ದು ನಿಂತು ಸಾಕ್ಷಿ ಹೇಳುತ್ತಿತ್ತು. ಶಿವಕಾಂತ ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಓಡಿ ಬಂದ. ಬಾಗಿಲು ತೆಗೆದು ಎಳೆದು, ಹಮಾಲರ ಎದುರು, ಕೆನ್ನೆಗೆ, ಕಿವಿಗೆ, ಮತ್ತೆ ಕೆನ್ನೆಗೆ. ಬೀರಲಿಂಗ ನಕ್ಕಿದ್ದ. ಅವನು ನಕ್ಕಿದ್ದನ್ನು ನೋಡಿ ಹಮಾಲರು ನಕ್ಕರು, ಹಮಾಲರು ನಕ್ಕಿದ್ದನ್ನು ನೋಡಿ ಶಿವಕಾಂತನೂ ನಕ್ಕು, ಚಹ ತರಿಸಿದ. ಬೀರಲಿಂಗ ಆ ಚಹ ಕುಡಿದ. ಆಮೇಲೆ ನಾಲ್ಕು ತಿಂಗಳು ಅಲ್ಲೇ ದುಡಿದ. ಹೆಂಡತಿಗೆ ಹೇಳಲಿಲ್ಲ, ಅಣ್ಣ ದ್ಯಾವಪ್ಪನಿಗೆ ಹೇಳಲಿಲ್ಲ. ಹೇಳಿದರೆ ಮೊದಲು ಕೇಳುವುದು, ನೀ ಏನು ಮಾಡಿದಿ ಅಂತ.

ಇವತ್ತು ಏನು ಮಾಡುವುದೆಂದು ಗೊತ್ತಿತ್ತು. ಶಿವಕಾಂತ ಮಾರಿಬಿಟ್ಟಿದ್ದ ಅದೇ ಗಾಡಿ ತರುವುದು. ಬೀರಲಿಂಗನ ಮನೆತನದಲ್ಲಿ ಹೊಸ ಬಂಡಿಯಾಗಲಿ ಟ್ರ್ಯಾಕ್ಟರಾಗಲಿ ಬಂದರೆ ಮನೆಯ ಹಿರಿಯನೇ ಟಗರು ಕಡಿದು ಗಾಲಿಗೆ ರಕ್ತ ಹಚ್ಚಬೇಕು. ಆಮೇಲೆಯೇ ಗಾಡಿ ಊರೊಳಗೆ ಬರಬೇಕು. ಮಸ್ಕಿ ಗುಡ್ಡದ ಕಡೆ ಕುರಿ ಬಿಟ್ಟುಕೊಂಡಿದ್ದ ದ್ಯಾವಪ್ಪ, ಟಗರು ಹಿಡಿದುಕೊಂಡು ಮಸ್ಕಿಯಲ್ಲಿ ಕಾಯುತ್ತೇನೆ ಅಂದಿದ್ದ. ಅವನು ತಿಳಿದಿದ್ದು ಕಡಿಯುವುದು ಊರ ಸೀಮೆಯ ಕಲ್ಲಿನ ಹತ್ತಿರ ಅಂತ. ಬೀರಲಿಂಗ ಜಾಗ ಬೇರೆ ಗೊತ್ತುಮಾಡಿದ್ದ. ಮಾಂಸವಿರಲಿ, ತತ್ತಿಯೂ ಹೊಸಿಲು ದಾಟದ ಮನೆತನದ ಮಿಲ್ಲಿನ ಗೇಟಿನ ಮುಂದೆ, ಕಣದ ಇಳಿಜಾರಿಗೆ ನೇರವಾಗಿ. ರಕ್ತ ಗೇಟಿನ ಕೆಳಗೆ ಹರಿದು ಒಳಗಿನ ಭತ್ತಕ್ಕೆ ಹೋಗಿ ಮುಟ್ಟುವುದನ್ನು ಅವನು ಎಷ್ಟು ಸಲ ನೋಡಿದ್ದನೆಂದರೆ ಈಗ ಬಸ್ಸಿನ ಕಿಟಕಿಯಿಂದ ಗೇಟು ಒಣಗಿ ಸ್ವಚ್ಛವಾಗಿ ಕಂಡದ್ದೇ ಸುಳ್ಳು ಅನಿಸಿತು.

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಿಂದ ಅರ್ಧ ಮೈಲಿ, ಹಟ್ಟಿ ರಸ್ತೆಗೆ ಶಾಮೀದಸಾಬನ ಶೆಡ್ಡು. ಅಪ್ಪನ ಕಾಲಕ್ಕೆ ದನದ ಸಂತೆಯ ದಲಾಲಿ ಮಾಡುತ್ತಿದ್ದ ಮನೆ. ಮಗ ಹಳೆ ಗಾಡಿಗಳಿಗೆ ಬಂದಿದ್ದ, ಭಾಷೆ ಮಾತ್ರ ದನದ್ದೇ ಉಳಿದಿತ್ತು. "ಬಾ ಬೀರಣ್ಣ. ಇದು ಐದನೇ ಸಲ ನೋಡು. ಕನ್ಯಾ ನೋಡಾಕ ಬಂದವ್ರೂ ಮೂರ ಸಲದಾಗ ಹೂಂ ಇಲ್ಲಾ ಉಹೂಂ ಅಂತಾರ."

"ಕಿಮ್ಮತ್ ಇಳಸ್ರಿ, ಇವತ್ತ ಹೂಂ ಅಂತೀನಿ."

"ಮೂರು ತಾಲೂಕಿನ್ಯಾಗ ಇಂಥಾ ಗಾಡಿ ಇನ್ನೊಂದಿಲ್ಲ."

"ಇನ್ನೊಂದಿಲ್ಲ ಅಂತನ ವರ್ಷದಿಂದ ನಿಮ್ಮ ಶೆಡ್ಡಿನ್ಯಾಗ ಕೋಳಿ ಹಿಕ್ಕಿ ಹಾಕಿಸಿಕೊಂತ ನಿಂತೈತಿ."

ಸಾಬ ನಕ್ಕ. ಬೀರಲಿಂಗ ಗಾಡಿಯ ಸುತ್ತ ತಿರುಗಿದ. ಕೆಂಪು ಬಣ್ಣ ನೆತ್ತಿಯ ಟಪ್ಪಿನ ಮೇಲೆ ಮಾಸಿ ಇಟ್ಟಿಗೆ ಬಣ್ಣಕ್ಕೆ ಇಳಿದಿತ್ತು, ಎಡಗಡೆ ಬಾಗಿಲ ಕೆಳಗೆ ಪುಟ್ಟಿ ಹಚ್ಚಿದ ಮಚ್ಚೆ, ಡಿಕ್ಕಿಯ ಬಾಯಿಗೆ ತಂತಿ. ಟಗರಿನ ಹಲ್ಲು ನೋಡುವವನ ಹಾಗೆ ಕುಕ್ಕರುಗಾಲಲ್ಲಿ ಕೂತು ಟೈರಿನ ಗೀರಿನೊಳಗೆ ಉಗುರು ಇಟ್ಟು ನೋಡಿದ. ಮುಂದಿನವು ಒಂದು ವರ್ಷ ಬಾಳಾವು, ಹಿಂದಿನವು ಆರು ತಿಂಗಳು. ಇದು ಯಾವುದೂ ಅವನಿಗೆ ಬೇಕಿರಲಿಲ್ಲ. ಗಾಡಿ ಇಲ್ಲಿಂದ ಆ ಗೇಟಿನ ತನಕ ಓಡಿದರೆ ಸಾಕಿತ್ತು. ಆದರೂ ಟೊಂಕದಲ್ಲಿ ಕಟ್ಟಿದ್ದು ಎರಡು ಲಕ್ಷ ಎಂಬತ್ತು ಸಾವಿರ, ಅದರ ಆಚೆಗೆ ಒಂದು ಪೈಸೆ ಇರಲಿಲ್ಲ. ಸಾಬ ಹೆಗಲ ಮೇಲಿನ ಟವೆಲ್ಲು ತೆಗೆದು ಅವನ ಕೈಯ ಮೇಲೆ ಹೊದಿಸಿದ. ಶೆಡ್ಡಿನಲ್ಲಿ ಇಬ್ಬರ ಹೊರತು ಯಾರೂ ಇರಲಿಲ್ಲ. ಆದರೂ ಸಂತೆಯ ರೀತಿ ಹಾಗೆಯೇ, ಬೆಲೆ ಬಾಯಲ್ಲಿ ಬರಬಾರದು. ಟವೆಲ್ಲಿನ ಕತ್ತಲಲ್ಲಿ ಸಾಬನ ಬೆರಳು ಅವನ ಮೂರು ಬೆರಳು ಹಿಡಿಯಿತು, ಆಮೇಲೆ ನಾಲ್ಕು. ಮೂರು ನಲವತ್ತು. ಬೀರಲಿಂಗ ಎರಡು ಹಿಡಿದು, ಐದು ಹಿಡಿದ. ಎರಡು ಐವತ್ತು. ಸಾಬ ಮುಖದಲ್ಲಿ ಏನನ್ನೂ ತೋರಿಸದೆ, "ಮಳಿ ಈ ಸಲ ಚಲೋ ಆತು" ಎಂದ. "ಹೂಂ, ಕೆರಿ ತುಂಬ್ಯಾವ" ಎಂದ ಬೀರಲಿಂಗ. ಬೆರಳುಗಳು ಒಂದನ್ನೊಂದು ಹಿಂಡಿ, ಬಿಟ್ಟು, ಮತ್ತೆ ಹಿಂಡಿ, ಕಡೆಗೆ ಎರಡು ಎಪ್ಪತ್ತೈದರಲ್ಲಿ ನಿಂತವು. ರೊಕ್ಕ ಎಣಿಸಿಕೊಂಡು ಕಾಗದಗಳನ್ನು ಕೊಟ್ಟು ಸಾಬ ಹೇಳಿದ: "ಒಂದ್ ಮಾತು ನೆನಪಿಟ್ಕೊ. ರಸ್ತ್ಯಾಗ ಉಬ್ಬು, ಹಂಪು ಬಂದ್ರ ಇದು ದಿನ ತುಂಬಿದ ಹೆಂಗಸು ಅಂತ ತಿಳಿ. ಹೊಟ್ಟಿ ಹತ್ತತೈತಿ."

ಮಿಷನ್ನಿನ ಮೇಲೆ ಕೂತವನಿಗೆ ಜಗತ್ತೆಲ್ಲ ಕೆಳಗೆ. ಈ ಗಾಡಿಯಲ್ಲಿ ರಸ್ತೆ ಕುಂಡೆಗೆ ತಾಗಿಕೊಂಡು ಓಡುತ್ತಿತ್ತು, ಲಾರಿಯ ಗಾಲಿಗಳು ಕಿವಿಯ ಮಟ್ಟಕ್ಕೆ ಬಂದು ಹೋಗುತ್ತಿದ್ದವು. ಊರು ದಾಟಿ ಕಾಲು ಒತ್ತಿದ. ಗಾಡಿ ಬೈದ ಹಾಗೆ ಒದರಿ ಮುಂದಕ್ಕೆ ಎಗರಿತು. ಮುಳ್ಳು ನೂರು ದಾಟಿತು, ನೂರಾ ಇಪ್ಪತ್ತು ದಾಟಿತು. ತೊಗರಿ ಹೊಲಗಳು ಹಳದಿ ಪಟ್ಟೆಯಾಗಿ ಹಿಂದಕ್ಕೆ ಸರಿದವು. ಇಷ್ಟೇನಾ, ಎಂದುಕೊಂಡ. ಇಷ್ಟಕ್ಕೇನಾ ಅವತ್ತು ಅವನು ಚಪ್ಪಲಿ ಹಿಡಿದು ಓಡಿ ಬಂದದ್ದು. ರಸ್ತೆಯ ನಡುವೆ ಶಿವಕಾಂತ ನಿಂತಂತೆ, ಒಂದು ಕಾಲಲ್ಲಿ ಚಪ್ಪಲಿ ಇಲ್ಲದವನು, ಅವನ ಮಂಡಿಯ ಚಿಪ್ಪು ಈ ಬಗ್ಗಿದ ಮೂಗಿಗೆ ಸರಿಯಾಗಿ ಸಿಗುವಂತೆ. ಬಡಿದರೆ ಮೊದಲು ಮಂಡಿ, ಆಮೇಲೆ ಟೊಂಕ, ಆಮೇಲೆ ತಲೆ ಬಂದು ಗಾಜಿಗೆ. ಹಾಗೆ ಮನಸ್ಸಿನೊಳಗೆ ಒಂದೊಂದೇ ಎಲುಬು ಮುರಿಯುತ್ತಿದ್ದಾಗ ಬಲಗಡೆಯ ಜಾಲಿಯ ಮರೆಯಿಂದ ನಾಯಿ ಬಂತು. ಕಂದು ನಾಯಿ, ಅವಸರವಿಲ್ಲದೆ. ಬ್ರೇಕಿನ ಮೇಲೆ ಕಾಲಿಡಲು ಸಮಯವಿತ್ತು. ಇರಲಿಲ್ಲ ಎಂದು ಆಮೇಲೆ ಎಷ್ಟು ಸಲ ಹೇಳಿಕೊಂಡರೂ ಇತ್ತು. ಧಪ್ ಎಂದಿತು, ಗಾಡಿಯ ಹೊಟ್ಟೆಯ ಕೆಳಗೆ ಏನೋ ಉದ್ದಕ್ಕೂ ಉರುಳಿ ಹೋದದ್ದು ಪಾದಕ್ಕೆ ಗೊತ್ತಾಯಿತು. ಕನ್ನಡಿಯಲ್ಲಿ ನೋಡಲಿಲ್ಲ. ಮಸ್ಕಿ ಬರುವ ತನಕ ಕನ್ನಡಿ ಇದ್ದ ಕಡೆ ಕುತ್ತಿಗೆಯನ್ನೇ ತಿರುಗಿಸಲಿಲ್ಲ.

ಮಸ್ಕಿಯ ಬಜಾರದ ಹಂಪು ಅವನ ಹಣೆಬರಹ. ಎಷ್ಟು ನಿಧಾನ ಹತ್ತಿಸಿದರೂ ಮುಂದಿನ ಗಾಲಿ ದಾಟಿದ ಮೇಲೆ ಹೊಟ್ಟೆ ಕಲ್ಲಿನ ಮೇಲೆ ಕೂತುಬಿಟ್ಟಿತು. ಕಾಲು ಒತ್ತಿದರೆ ಒದರಾಟ, ಸುಟ್ಟ ವಾಸನೆ. ಹಿಂದೆ ಬಸ್ಸು ಹಾರ್ನು ಹಾಕಿತು. ಪಾನ್ ಅಂಗಡಿಯವರು, ಹೂವಿನವರು, ಕೆಲಸವಿಲ್ಲದವರು ಸೇರಿದರು. "ಈಜಾಕತ್ತೈತಲೇ ಇದು!" ಎಂದ ಒಬ್ಬ. "ಕೆಳಗ ಒಂದೀಟು ಬೆಣ್ಣಿ ಹಚ್ರೋ" ಎಂದ ಇನ್ನೊಬ್ಬ. "ಇಳೀರಿ ಸಾಹೇಬ್ರ, ಎತ್ತಿಕೊಂಡ ಹೋಗ್ರಿ, ಸಣ್ಣದೈತಿ." ನಗು ಗಾಜಿನ ಮೇಲೆ ಕಲ್ಲಿನ ಹಾಗೆ ಬೀಳುತ್ತಿತ್ತು. ಇಳಿದರೆ ಗಾಡಿ ಹಗುರಾಗಿ ದಾಟುತ್ತದೆ ಎಂದು ಅವನಿಗೆ ಗೊತ್ತಿತ್ತು. ಇಳಿದರೆ ಆ ಮುಖಗಳ ಸಮಕ್ಕೆ ತನ್ನ ಮುಖ ಬರುತ್ತದೆ, ಬಂದ ಕೂಡಲೆ ಈ ಹಾಳು ಬಾಯಿ ನಗುತ್ತದೆ. ಸ್ಟೇರಿಂಗು ಹಿಡಿದು ಹಾಗೇ ಕೂತ. ಆಗ ಗುಂಪಿನ ಹಿಂದಿನಿಂದ ದ್ಯಾವಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕಿವಿಯಲ್ಲಿ ಬಂಗಾರದ ಒಂಟಿ, ಕೈಯಲ್ಲಿ ಟಗರಿನ ಹಗ್ಗ. ಯಾರ ಕಡೆಗೂ ನೋಡದೆ ಹಗ್ಗವನ್ನು ಹೂವಿನಾಕೆಯ ಕೈಗೆ ಕೊಟ್ಟು, ಕಂಬಳಿ ಮಡಚಿ ಹೆಗಲಿಗೆ ಒತ್ತಿಟ್ಟು, ಬಗ್ಗಿ ಗಾಡಿಯ ಹಿಂಭಾಗಕ್ಕೆ ಹೆಗಲು ಕೊಟ್ಟ. ಇನ್ನಿಬ್ಬರು ಸೇರಿದರು. ಐವತ್ತು ದಾಟಿದ ಆ ಹೆಗಲು ತನ್ನನ್ನೂ ಸೇರಿಸಿ ಗಾಡಿಯನ್ನು ಎತ್ತಿದ್ದು ಬೀರಲಿಂಗನಿಗೆ ಸೀಟಿನ ಅಡಿಯಿಂದ ಗೊತ್ತಾಯಿತು. ಅಪ್ಪ ಸತ್ತ ವರ್ಷ, ನಾಲ್ಕು ವರ್ಷದವನನ್ನು ಕುರಿಯ ಹಿಂದೆ ನಡೆಯಲಾರ ಅಂತ ಅಣ್ಣ ಅದೇ ಹೆಗಲ ಮೇಲೆ ಕೂಡಿಸಿಕೊಂಡು ಹೊಳೆದಂಡೆಯ ತನಕ ಹೋಗಿದ್ದ. ಆಗಲೂ ಇಳಿ ಅಂದಿರಲಿಲ್ಲ.

ಹಂಪು ದಾಟಿ ಬದಿಗೆ ನಿಲ್ಲಿಸಿದ ಮೇಲೆ ದ್ಯಾವಪ್ಪ ಗಾಡಿಯನ್ನು ಮುಂದಿನಿಂದ ನೋಡಿದ. ಸೀಳಿದ ಬಂಪರಿನ ಬಿರುಕಿನಲ್ಲಿ ರಕ್ತ, ಕಂದು ಕೂದಲು. ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

"ಏನು ಬಡದಿ?"

"ನಾಯಿ."

"ನಿಂತ್ಯಾ?"

"ಇಲ್ಲ."

"ಸತ್ತಿತ್ತೋ, ಜೀವ ಇತ್ತೋ?"

"ನೋಡ್ಲಿಲ್ಲ ಬಿಡಣ್ಣ."

ಜೀವನವಿಡೀ ನಾಯಿಯ ಭರೋಸೆಯ ಮೇಲೆ ಕುರಿ ಬಿಟ್ಟು ಮಲಗಿದವನು ದ್ಯಾವಪ್ಪ. ಹೆಬ್ಬೆರಳನ್ನು ಕಂಬಳಿಗೆ ಒರೆಸಿ, "ಗಾಲಿ ರಕ್ತ ಕುಡದೈತಲ್ಲ, ಇನ್ನ ಈ ಟಗರ ಯಾಕ?" ಎಂದ. "ನಾಯಿದು ಹತ್ತಿದ್ರ ಹತ್ತಿದಂಗೇನು? ಟಗರಿಂದ ಆಗಬೇಕು" ಎಂದ ಬೀರಲಿಂಗ, ದನಿ ತನಗೇ ಒರಟಾಗಿ ಕೇಳಿತು. ಟಗರನ್ನು ಹಿಂದೆ ಹಾಕುವುದು ಒಂದು ಯುದ್ಧ. ಹಿಂದಿನ ಸೀಟು ಹೆಸರಿಗೆ ಸೀಟು; ಕಾಲು ಮಡಚಿ, ಕೊಂಬು ತಿರುಗಿಸಿ, ಇಬ್ಬರೂ ಬೆವತು ತುರುಕಿದರು. ಹೂವಿನಾಕೆ, "ಎಪ್ಪಾ, ಎಂಥಾ ನಸೀಬು ಅದರದು!" ಎಂದು ಬಾಯಿಗೆ ಸೆರಗಿಟ್ಟುಕೊಂಡಳು. ಗಾಡಿ ಹೊರಟ ಕೂಡಲೆ ಟಗರು ಸೀಟಿನ ಮೇಲೆ ಉಚ್ಚೆ ಹೊಯ್ಯಿತು. ಬಿಸಿ ನಾತ ಒಳಗೆಲ್ಲ ತುಂಬಿತು. ಮಂಡಿ ಎದೆಗೆ ಬರುವಂತೆ ಮುದುರಿ ಕೂತ ದ್ಯಾವಪ್ಪ, "ಒಳದಾರಿ ಬಿಟ್ಟು ಸಿಂಧನೂರು ಮ್ಯಾಲ ಯಾಕ ಹೊಂಟಿ ತಮ್ಮಾ?" ಎಂದು ಕೇಳಿದ.

"ಒಳದಾರಿ ಕೆಟ್ಟೈತಿ. ಹೊಟ್ಟಿ ಹತ್ತತೈತಿ."

"ಹೋಗ್ಲಿ, ಚಲೋನ ಆತು. ಮಿಲ್ಲಿನ ಮುಂದ ಎರಡ ಮಿನಿಟು ನಿಂದರಸು. ಬರೂ ಸೋಮಾರ ಅಯ್ಯನೋರ ಗದ್ದ್ಯಾಗ ಕುರಿ ತರುಬಬೇಕು. ಇಪ್ಪತ್ತೆಕರೆ, ಹದಿನೈದು ದಿನ. ಎಕರೆಕ್ಕ ಅರ್ಧ ಚೀಲ ಜ್ವಾಳ ಅಂದಾರ. ಶಿವಕಾಂತ ಧಣೀಗೆ ಒಂದ್ ಮಾತ ಹೇಳಿ ಗಟ್ಟಿ ಮಾಡ್ಕೊಂತೀನಿ."

ಕೊಯ್ದ ಗದ್ದೆಯಲ್ಲಿ ಕುರಿ ಕೂಡಿ ಹಿಕ್ಕೆ ಬೀಳಿಸಿದರೆ ಗದ್ದೆಯವರಿಗೆ ಗೊಬ್ಬರ, ಕುರಿಯವರಿಗೆ ವರ್ಷದ ಜೋಳ. ಅದು ಬೀರಲಿಂಗನಿಗೆ ಗೊತ್ತಿಲ್ಲದ್ದಲ್ಲ. ಯಾರ ಗದ್ದೆ ಅಂತ ಮಾತ್ರ ಗೊತ್ತಿರಲಿಲ್ಲ, ಕೇಳಿರಲೂ ಇಲ್ಲ. ಗೇಟಿನ ಮುಂದೆ ರಕ್ತ ಬಿದ್ದ ಮೇಲೆ ಅಣ್ಣನ ಕುರಿ ಆ ಗದ್ದೆಗಷ್ಟೇ ಅಲ್ಲ, ಆ ಬಳಗದ ಯಾವ ಗದ್ದೆಗೂ ಇಳಿಯುವುದಿಲ್ಲ. ಹೇಳಿಬಿಡಬೇಕು ಎಂದುಕೊಂಡ. ಗಾಡಿ ಓಡುತ್ತಿತ್ತು. ಹಿಂದೆ ಟಗರು ತಲೆ ಎತ್ತಲು ಹೋಗಿ ಕೊಂಬು ಟಪ್ಪಿಗೆ ಬಡಿಸಿಕೊಳ್ಳುತ್ತಿತ್ತು, ಟಕ್, ಟಕ್. ಒಂದೇ ಮಾತು, ಹೇಳಿದರೆ ಮುಗಿಯಿತು. ಆದರೆ ಹೇಳಲು ಹೊರಟರೆ ಮೊದಲು ಚಪ್ಪಲಿಯಿಂದ ಶುರು ಮಾಡಬೇಕು. ಮೂರನೆಯ ಗೇರು ಬೀಳದೆ ಕಿರುಚಿತು. ಕೋಲು ಗುದ್ದಿ ಹಾಕಿದ.

ಗೇಟಿನ ಮುಂದೆ ಶಿವಕಾಂತ ತಾನೇ ನಿಂತಿದ್ದ. ಲುಂಗಿ, ಬನಿಯನ್ನು, ಹಣೆಯ ಮೇಲೆ ವಿಭೂತಿ. ಆರು ವರ್ಷದಲ್ಲಿ ಹೊಟ್ಟೆ ಬಂದಿತ್ತು, ತಲೆಯ ನಡುವೆ ಕೂದಲು ತೆಳ್ಳಗಾಗಿತ್ತು. ಬಸ್ಸಿನಲ್ಲಿ, ಮಿಷನ್ನಿನ ಮೇಲೆ, ಹೆಂಡತಿಯ ಪಕ್ಕದಲ್ಲಿ ಬೀರಲಿಂಗ ಸಾವಿರ ಸಲ ಕೊಂದವನು ಇವನಲ್ಲ, ಇವನ ತಮ್ಮನಿರಬೇಕು ಅನಿಸುವಂತಿದ್ದ. ಕೆಂಪು ಗಾಡಿ ಕಂಡು ಅವನ ಮುಖ ಅರಳಿತು.

"ಅಯ್ಯ, ನಮ್ಮ ಗಾಡಿ! ಯಾರಲೇ ಅದು... ಬೀರ್ಯಾ? ನೀ ತಗೊಂಡ್ಯಾ? ಶಭಾಷ್! ಎಷ್ಟಕ್ಕ ಕೊಟ್ಟ ಸಾಬ?"

"ಎರಡು ಎಪ್ಪತ್ತೈದ್ರಿ" ಎಂದಿತು ಬೀರಲಿಂಗನ ಬಾಯಿ. ಅವನು ಇಳಿದು ನಿಂತಿದ್ದ. ಯಾವಾಗ ಇಳಿದನೋ.

"ನನಗ ಎರಡ ಲಕ್ಷ ಕೊಟ್ಟ ನೋಡು, ಮಗ. ಮೂರನೇ ಗೇರಿಗೆ ಕ್ಲಚ್ ಎರಡ ಸಲ ತುಳಿ, ಬೀಳತೈತಿ. ನಮ್ಮಾಕಿಗೆ ಇದರಾಗ ಕುಂತ್ರ ಟೊಂಕ ಹಿಡಿತಿತ್ತು, ಮಾರೂ ತನಕ ಬಿಡಲಿಲ್ಲ. ಒಳಗ ಏನಿದು, ಟಗರೇನು?" ಶಿವಕಾಂತ ಹೊಟ್ಟೆ ಹಿಡಿದುಕೊಂಡು ನಕ್ಕ. ದ್ಯಾವಪ್ಪನೂ ಇಳಿದು ಕೈಮುಗಿದ. ಅವನ ಟೊಂಕದಲ್ಲಿ ಒರೆಯ ಸಮೇತ ಕತ್ತಿ ಇತ್ತು. ಅಣ್ಣಾ, ಇಲ್ಲೇ ಕಡಿ, ಮೂರು ಶಬ್ದ. ಬೀರಲಿಂಗ ನಾಲಗೆಯನ್ನು ಹಲ್ಲಿಗೆ ಒತ್ತಿದ. ಕಣದ ಮೇಲೆ ಇಬ್ಬರು ಹಮಾಲರು ಭತ್ತದಲ್ಲಿ ಕಾಲಾಡಿಸುತ್ತ ಇತ್ತ ನೋಡುತ್ತಿದ್ದರು. ಬಿಸಿಲು ಇಳಿಯುತ್ತಿತ್ತು. ಎಲ್ಲವೂ ತಾನು ನೋಡಿದ ಹಾಗೆಯೇ ಇತ್ತು. ತಾನೊಬ್ಬ ಮಾತ್ರ ಬೇರೆ ಯಾರೋ ಆಗಿ ಕೈಕಟ್ಟಿ ನಿಂತಿದ್ದ. ಶಿವಕಾಂತ ಬಾನೆಟ್ಟಿನ ಮೇಲೆ ಅಂಗೈ ಆಡಿಸುತ್ತ ಪ್ರೀತಿಯಿಂದಲೇ ಅಂದ: "ನೆನಪೈತೇನಲೇ, ಇದರ ಸಲುವಾಗಿ ನಿನಗ ಇಲ್ಲೇ ಚಪ್ಪಲೀಲೆ ಹೊಡದಿದ್ದೆ? ಈಗ ನಿಂದಾತು. ನನ್ನ ಹೊಡತ ನಿನಗ ಹತ್ತಿತು ನೋಡು, ಒಳ್ಳೇದಾತು!"

ಹಮಾಲರು ನಕ್ಕರು. ದ್ಯಾವಪ್ಪ ಮುಗಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

"ಏನಂದ್ರಿ ಧಣಿ?"

"ಹಳೇ ಮಾತು ಬಿಡೋ, ದ್ಯಾವಪ್ಪ. ಕೇಳದಂಗ ಗಾಡಿ ಹೊಡದಿದ್ದ, ಎರಡು ಬಿಟ್ಟಿದ್ದೆ."

"ಎರಡೇನ್ರಿ?"

"ಲೆಕ್ಕ ಇಟ್ಟೀನೇನೋ ನಾ? ಮೂರಿದ್ದಾವು. ಅಲ್ಲೇನೋ ಬೀರ್ಯಾ?"

ದ್ಯಾವಪ್ಪ ತಮ್ಮನ ಕಡೆ ತಿರುಗಿದ. ಆ ಕಣ್ಣಿನಲ್ಲಿ ಪ್ರಶ್ನೆ ಇರಲಿಲ್ಲ, ಆಗಲೇ ಉತ್ತರ ಗೊತ್ತಿದ್ದವನ ಕಣ್ಣು ಅದು. "ಮೂರ್ರಿ" ಎಂದ ಬೀರಲಿಂಗ. ಹೇಳಿದ್ದು ಅಣ್ಣನಿಗಲ್ಲ, ಶಿವಕಾಂತನಿಗೆ.

ದ್ಯಾವಪ್ಪ ಬಗ್ಗಿ ಬಲಗಾಲಿನ ಕೆರ ಕಳಚಿದ. ಗಾಲಿಯ ಟೈರು ಕೊಯ್ದು ಅಟ್ಟೆ ಹಾಕಿಸಿದ, ಮೊಳೆ ಬಡಿದ ಕೆರ. ಅವಸರ ಮಾಡಲಿಲ್ಲ; ಕುರಿಯ ಕಾಲಿನ ಮುಳ್ಳು ತೆಗೆಯುವಾಗ ಎಷ್ಟು ಹೊತ್ತು ಬಗ್ಗುತ್ತಿದ್ದನೋ ಅಷ್ಟೇ ಹೊತ್ತು. ಎದ್ದವನೇ ಶಿವಕಾಂತನ ಕೆನ್ನೆಗೆ ಬೀಸಿದ. ಶಿವಕಾಂತ ಗೇಟಿಗೆ ಬಡಿದು ಕುಸಿದು ಕೂತ, ಕಬ್ಬಿಣ ಉದ್ದಕ್ಕೂ ಝಣ್ ಎಂದಿತು, ತುಟಿ ಒಡೆದು ರಕ್ತ ಬನಿಯನ್ನಿಗೆ ಇಳಿಯಿತು. "ಒಂದಾತ್ರಿ" ಎಂದ ದ್ಯಾವಪ್ಪ ಮೆಲ್ಲಗೆ, ಮತ್ತೆ ಕೈಯೆತ್ತಿದ.

ಆಮೇಲೆ ನಡೆದದ್ದನ್ನು ಬೀರಲಿಂಗ ನೋಡಿದ. ಮಾಡಿದ್ದು ತಾನು ಎಂಬುದು ಅವನಿಗೆ ತಡವಾಗಿ ಮುಟ್ಟಿತು. ಎತ್ತಿದ ಕೈಗೂ ಕೂತವನಿಗೂ ನಡುವೆ ಯಾರೋ ನುಗ್ಗಿದರು. ಯಾರದೋ ಮುಷ್ಟಿ ದ್ಯಾವಪ್ಪನ ಕಿವಿಗೆ ಬಿತ್ತು, ದವಡೆಗೆ ಬಿತ್ತು, ಮತ್ತೆ ಕಿವಿಗೆ ಬಿತ್ತು. "ಧಣೀ ಮ್ಯಾಲ ಕೈ ಎತ್ತತೀಯೇನಲೇ!" ಎಂದು ಯಾರೋ ಒದರುತ್ತಿದ್ದರು, ದನಿ ಹರಿದಿತ್ತು. ಆರು ವರ್ಷ ಬೆಳೆಸಿ ಸಾಕಿ ಇಟ್ಟಿದ್ದ ಹೊಡೆತಗಳು ಒಂದರ ಹಿಂದೆ ಒಂದು, ಇಷ್ಟು ದಿನ ಕಟ್ಟಿಹಾಕಿದ್ದ ದನ ಬಾಗಿಲು ತೆರೆದ ಕಡೆ ನುಗ್ಗುವ ಹಾಗೆ, ಎದುರಿಗೆ ಯಾರಿದ್ದಾರೆ ಎಂದು ನೋಡದೆ ಹೊರಟಿದ್ದವು. ಮುಷ್ಟಿಗೆ ಏನೋ ಗಟ್ಟಿಯಾಗಿ ಸಿಕ್ಕು ಕಿತ್ತು ಬಂತು. ಹಮಾಲರು ಓಡಿ ಬಂದು ಹಿಂದಿನಿಂದ ಹಿಡಿದರು. ಆಗ ತನ್ನ ಮುಷ್ಟಿ ಬಿಚ್ಚಿ ನೋಡಿದ. ಅಣ್ಣನ ಒಂಟಿ. ದ್ಯಾವಪ್ಪನ ಕಿವಿಯ ಹಾಲೆ ಎರಡಾಗಿ ಸೀಳಿ, ರಕ್ತ ಕುತ್ತಿಗೆಗುಂಟ ಕಂಬಳಿಗೆ ಹೋಗುತ್ತಿತ್ತು. ಅವನು ಒಂದು ಹೊಡೆತಕ್ಕೂ ಕೈ ಅಡ್ಡ ತಂದಿರಲಿಲ್ಲ. ಎತ್ತಿದ ಕೈ ಇಳಿದಿತ್ತು, ಕೆರ ಎಲ್ಲೋ ಬಿದ್ದಿತ್ತು.

ಶಿವಕಾಂತ ಗೇಟು ಹಿಡಿದು ಎದ್ದ. ತುಟಿ ಒರೆಸಿಕೊಂಡು, ತೊದಲುತ್ತ, "ಭಲೇ ಬೀರ್ಯಾ" ಎಂದ. "ನಮ್ಮ ಮನಿ ಉಪ್ಪು ಮರತಿಲ್ಲ ನೋಡು ನೀ. ಈ ಮುದುಕನ ಕುರಿ ನಮ್ಮ ಗದ್ದ್ಯಾಗ ಕಾಲಿಟ್ರ ಕಾಲು ಮುರಿಸ್ತೀನಿ. ನೀ ನಾಳೆ ಬಾ, ಮಿಲ್ಲಿಗೆ ಡ್ರೈವರ್ ಬೇಕಾಗ್ಯಾನ." ಬೀರಲಿಂಗನ ಬೆನ್ನು ಚಪ್ಪರಿಸಿದ. ಬೆನ್ನು ಅದನ್ನು ತೆಗೆದುಕೊಂಡಿತು.

ದ್ಯಾವಪ್ಪ ಗಾಡಿಯ ಬಾಗಿಲು ತೆಗೆಯಲು ಹೋದ. ಹಿಡಿಕೆ ಹೇಗೆ ಎಳೆಯಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಎರಡು ಸಲ ತಡವಿದ, ಹಮಾಲನೊಬ್ಬ ತೆಗೆದುಕೊಟ್ಟ. ಬಗ್ಗಿ ಟಗರಿನ ಕೊಂಬು ತಪ್ಪಿಸಿ, ಕಾಲು ಒಂದೊಂದೇ ಬಿಡಿಸಿ, ಮಗುವನ್ನು ಎತ್ತಿಕೊಂಡಂತೆ ಹೊರಗೆ ತೆಗೆದ. ನೆಲಕ್ಕಿಳಿಸಿ, ಅದರ ಮೈ ಒಮ್ಮೆ ಸವರಿ, ಹಗ್ಗ ಹಿಡಿದು ನಡೆದುಬಿಟ್ಟ.

ತಡವಾಗಿ ಗಾಡಿ ಹತ್ತಿ ಹಿಂದೆ ಹೊರಟ ಬೀರಲಿಂಗನಿಗೆ ಸಿಂಧನೂರಿನೊಳಗೆ ಅವನು ಸಿಗಲಿಲ್ಲ. ತುರ್ವಿಹಾಳದ ರಸ್ತೆಯಲ್ಲಿ, ಮೊದಲನೆಯ ಕಾಲುವೆ ಸೇತುವೆ ದಾಟಿದ ಮೇಲೆ ಕಂಡ. ಎರಡೂ ಕಡೆ ಮಿಷನ್ನುಗಳು ಓಡುತ್ತಿದ್ದವು, ಹುಲ್ಲಿನ ಧೂಳು ಇಳಿಬಿಸಿಲಿನಲ್ಲಿ ಕೆಂಪಗೆ ನಿಂತಿತ್ತು. ಕಂಬಳಿಯ ಒಂದು ಕಡೆ ರಕ್ತ ಕಪ್ಪಗೆ ಹೆಪ್ಪುಗಟ್ಟಿತ್ತು. ಒಂದು ಕಾಲಲ್ಲಿ ಕೆರ, ಒಂದು ಕಾಲು ಬರಿದು. ಅದಕ್ಕೆ ನಡಿಗೆ ಒಂದು ಕಡೆ ವಾಲುತ್ತಿತ್ತು, ಟಗರು ಪಕ್ಕದಲ್ಲಿ ಅದೇ ಹೆಜ್ಜೆಗೆ ಹೊಂದಿಕೊಂಡಿತ್ತು. ಬೀರಲಿಂಗ ಹಿಂದೆ ಹಿಂದೆ ಮೊದಲನೆಯ ಗೇರಿನಲ್ಲಿ ಬಂದ. ದಾಟಿ ಹೋಗುವುದಕ್ಕೆ ಕೈಯಾಗಲಿಲ್ಲ, ನಿಲ್ಲುವುದಕ್ಕೆ ಕಾಲಾಗಲಿಲ್ಲ. ನಡೆಯುವವನ ಹಿಂದೆ ಅಷ್ಟು ನಿಧಾನ ಹೋಗುವುದು ಆ ಗಾಡಿಗೆ ಒಗ್ಗುತ್ತಿರಲಿಲ್ಲ. ಅದು ಬೆಚ್ಚಗಾಗಿ, ಜಗ್ಗಿ, ಕೆಮ್ಮಿ, ಒಳಗೆ ಉಚ್ಚೆಯ ನಾತ ಏರುತ್ತಿತ್ತು. ಬೈಕಿನವರು ದಾಟುವಾಗ ತಿರುಗಿ ತಿರುಗಿ ನೋಡಿದರು. ಹೀಗೆ ಮೈಲಿಯೋ ಎರಡು ಮೈಲಿಯೋ ಆದ ಮೇಲೆ ಒಮ್ಮೆಲೆ ಕಾಲು ಒತ್ತಿ ಮುಂದೆ ಹೋಗಿ, ರಸ್ತೆಗೆ ಅಡ್ಡ ನಿಲ್ಲಿಸಿ ಇಳಿದ. ಓಡಿ ಬಂದು ಎದುರು ನಿಂತ.

"ಅಣ್ಣಾ, ಹೊಡಿ."

ದ್ಯಾವಪ್ಪ ನಿಂತ. ಟಗರೂ ನಿಂತಿತು.

"ಹೊಡಿ ಅಣ್ಣಾ. ಆ ಕಾಲಾನ ಕೆರ ತಗದು ಹೊಡಿ. ಎಷ್ಟ ಬೇಕಾದ್ರೂ ಹೊಡಿ, ನಾ ನಗಂಗಿಲ್ಲ." ಮುಷ್ಟಿ ಬಿಚ್ಚಿ ಒಂಟಿ ಚಾಚಿದ. ಅದರ ತಂತಿಗೆ ಚರ್ಮದ ಚೂರು ಅಂಟಿ ಒಣಗಿತ್ತು.

ದ್ಯಾವಪ್ಪ ಅವನನ್ನು ನೋಡಿದ. ಸಂಜೆ ಹಟ್ಟಿಗೆ ಕೂಡುವಾಗ ಯಾರದೋ ಹಿಂಡಿನ ಕುರಿ ಬಂದು ಸೇರಿದ್ದರೆ, ಇದು ನಮ್ಮದಲ್ಲ ಎಂದು ಗುರುತು ಹಿಡಿಯುವಾಗ ನೋಡುತ್ತಿದ್ದ ರೀತಿ ಅದು, ಅದರಲ್ಲಿ ಸಿಟ್ಟಿರಲಿಲ್ಲ. ಬೀರಲಿಂಗ ಕೆನ್ನೆ ಒಡ್ಡಿ ಕಣ್ಣು ಮುಚ್ಚಿದ. ಮಿಷನ್ನಿನ ಸಪ್ಪಳ, ಬೆಳ್ಳಕ್ಕಿಗಳ ಕೂಗು, ಟಗರಿನ ಉಸಿರು. ಗಾಳಿ ಕೂಡ ಕೆನ್ನೆಗೆ ಬೀಸಲಿಲ್ಲ. ಕಣ್ಣು ತೆರೆದಾಗ ದ್ಯಾವಪ್ಪ ಅಷ್ಟೇ ದೂರದಲ್ಲಿ, ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತ ನಿಂತಿದ್ದ. ಚಾಚಿದ ಅಂಗೈಯನ್ನು ಅವನು ನೋಡಿದಂತೆ ಕಾಣಲಿಲ್ಲ.

"ಗಾಡಿ ತಗೀರಿ, ಧಣಿ" ಎಂದ. "ಟಗರು ಬೆದರಾಕತ್ತೈತಿ."

ಬೀರಲಿಂಗ ಗಾಡಿ ತೆಗೆದ.